ರಾಗಿ ಸರಿಯ ಲೆಕ್ಕ

ಕೂಸಿಗೆ ಮೊದಲ ತುತ್ತು ಯಾವಾಗ, ಏನು ಎಂಬ ವಿಷಯದಲ್ಲಿ ಅಭಿಪ್ರಾಯವಿಲ್ಲದ ಹೆಂಗಸನ್ನು ನಾನಿನ್ನೂ ನೋಡಿಲ್ಲ. ಹೂವು ಮಾರುವವಳಿಂದ ಹಿಡಿದು ಎದುರುಮನೆಯ ನಿವೃತ್ತ ಟೀಚರ್‌ವರೆಗೆ ಎಲ್ಲರೂ ಒಂದೊಂದು ಮಾತು ಹೇಳಿಯೇ ಹೋಗುತ್ತಾರೆ. ಗಂಡಸರು ಮಾತ್ರ ಪೇಪರಿನಿಂದ ತಲೆಯೆತ್ತಿ, "ಡಾಕ್ಟರು ಹೇಳಿದ ಹಾಗೆ ಮಾಡಿ" ಎಂದು ಮತ್ತೆ ಪೇಪರಿನೊಳಗೆ ಸೇರಿಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಡಾಕ್ಟರಿಗಿಂತ ದೊಡ್ಡವರೊಬ್ಬರಿದ್ದಾರೆ. ನಮ್ಮತ್ತೆ. ಈಗ ಎಂಬತ್ತಾರು ವರ್ಷ. ಮರಿಮಗಳಿಗೆ ನಾಲ್ಕು ತಿಂಗಳು ತುಂಬಿದ್ದೇ ತಡ, "ಹೆಣ್ಣುಕೂಸಿಗೆ ಬೆಸ ತಿಂಗಳಲ್ಲಿ ಅನ್ನಪ್ರಾಶನ ಆಗಬೇಕು ಕಣೇ, ಐದರಲ್ಲಿ ಮಾಡಿಬಿಡಿ" ಎಂದು ಶುರುಮಾಡಿದರು. ನನ್ನ ಮಗಳಿಗೂ ಆ ಮಾತು ರುಚಿಸಿತು. ಶಾಸ್ತ್ರದ ಮೇಲಿನ ಭಕ್ತಿಯಿಂದೇನೂ ಅಲ್ಲ, ಅವಳ ರಜೆ ಮುಗಿಯುತ್ತಿತ್ತು.

1992ರಲ್ಲಿ ಇದೇ ಮಗಳು ಹುಟ್ಟಿದಾಗ ನನಗೆ ಸಿಕ್ಕಿದ್ದು 12 ವಾರ. 2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗೆ 26 ವಾರವಾಗಿದೆ. ನಮ್ಮ ಕಣ್ಣಿಗೆ ಅದು ರಾಜಯೋಗ. ಆದರೆ ಹೆರಿಗೆಗೆ ಮುಂಚೆಯೇ ಅವಳದು ಮೂರು ವಾರ ಹೋಗಿತ್ತು. ಕೂಸಿಗೆ ಐದು ತುಂಬಿ ವಾರ ಕಳೆಯುವಷ್ಟರಲ್ಲಿ ಆಫೀಸು ಕರೆಯಿತು. "ಅಮ್ಮ, ಸರಿ ಶುರುಮಾಡಿದರೆ ನಿನಗೂ ಸುಲಭ ಅಲ್ವಾ?" ಎಂದಳು.

ಮಕ್ಕಳ ಡಾಕ್ಟರಮ್ಮ ಒಪ್ಪಲಿಲ್ಲ. ಆರು ತುಂಬಲಿ, ಕತ್ತು ನಿಲ್ಲಲಿ, ಆತು ಕೂರುವಂತಾಗಲಿ ಎಂದರು. ಹಾಗೆಂದು ಆರು ದಾಟಿಸಬೇಡಿ, ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡು ಬಂದ ಕಬ್ಬಿಣದ ಅಂಶ ಅಷ್ಟರಲ್ಲಿ ಕರಗುತ್ತದೆ, ಎದೆಹಾಲಿನಲ್ಲಿ ಅದು ಕಡಿಮೆ ಎಂದೂ ಹೇಳಿದರು. ನನ್ನ ಕಾಲದಲ್ಲಿ ಡಾಕ್ಟರುಗಳೇ ನಾಲ್ಕು ತುಂಬಿದರೆ ಸಾಕು ಅನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಬರೀ ಎದೆಹಾಲು ಎಂದು ಗಟ್ಟಿಮಾಡಿದ್ದು 2001ರಲ್ಲಿ.

ಹಾಗಾಗಿ ಮೂರು ವಾರ ಮಗಳು ಬೆಳಗಿನ ಜಾವ ಎದ್ದು ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟು ಹೋದಳು. ನಾನು ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸಿದೆ. ಅತ್ತೆ ಮುನಿಸಿಕೊಂಡು ಮಾತಾಡದೆ ರಾಗಿ ಹಿಡಿದು ಕೂತರು.

ಆ ರಾಗಿಯ ಸಂಭ್ರಮ ಹೇಳಲೇಬೇಕು. ಕಲ್ಲು ಆರಿಸಿ, ನಾಲ್ಕು ನೀರಲ್ಲಿ ತೊಳೆದು, ರಾತ್ರಿಯೆಲ್ಲ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಿದರು. ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ಕೇರಿ, ಘಮ್ಮೆನ್ನುವಷ್ಟೇ ಹುರಿದರು. ಬೀಸಿಸಿಕೊಂಡು ಬಂದ ಹಿಟ್ಟಿಗೆ ಜರಡಿ ಸಾಲದೆಂದು ಪಾತ್ರೆಯ ಬಾಯಿಗೆ ನನ್ನ ಹಳೆಯ ತೆಳು ಸೀರೆಯ ತುಂಡು ಕಟ್ಟಿ, ಅದರ ಮೇಲೆ ಕೈಯಾಡಿಸಿ ವಸ್ತ್ರಗಾಳಿತ ಮಾಡಿದರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆಯೆಂಬುದು ಈಗ ಎಲ್ಲರಿಗೂ ಗೊತ್ತು. ಮೊಳಕೆಯ ಗುಟ್ಟು ಬೇರೆ. ಮೊಳೆಯುವಾಗ ಕಾಳಿನ ಪಿಷ್ಟ ಒಡೆಯಲು ಶುರುವಾಗುತ್ತದೆ. ಹಿಟ್ಟು ತುಸು ಹೆಚ್ಚಿಗೆ ಹಾಕಿದರೂ ಸರಿ ಅಂಟಾಗದೆ ತೆಳ್ಳಗೇ ಇರುತ್ತದೆ. ಅಂಗೈಯಷ್ಟು ಹೊಟ್ಟೆಗೆ ಅದೇ ಬಟ್ಟಲಲ್ಲಿ ಹೆಚ್ಚು ಆಹಾರ ಹೋಗುತ್ತದೆ. ಅತ್ತೆಗೆ ಪಿಷ್ಟದ ಸುದ್ದಿ ತಿಳಿಯದು. "ಮೊಳಕೆ ರಾಗಿ ಹಗುರ" ಅನ್ನುತ್ತಾರೆ, ಅಷ್ಟೆ.

ಮುನಿಸು ಮುರಿದದ್ದೂ ಅವರೇ. ಒಂದು ಸಂಜೆ ಬೆರಳು ಮಡಿಸುತ್ತಾ, "ಆರು ತುಂಬಿತು ಅಂದರೆ ಏಳು ನಡೀತಿದೆ ಅಂತ ತಾನೆ? ಏಳೂ ಬೆಸವೇ. ನಿಮ್ಮ ಡಾಕ್ಟರಮ್ಮ ಶಾಸ್ತ್ರ ಬಲ್ಲವಳು" ಅಂದರು.

ಭಾನುವಾರ ಇಟ್ಟುಕೊಂಡೆವು. ಜೇನುತುಪ್ಪ ನೆಕ್ಕಿಸುವ ಆಸೆಗೆ ಮಾತ್ರ ನಾನು ಅಡ್ಡ ನಿಂತೆ. ಅದರಲ್ಲಿರಬಹುದಾದ ರೋಗಾಣುವಿನ ಬೀಜಕಣ ಎಳೆಯ ಕರುಳಲ್ಲಿ ಬೆಳೆದು ವಿಷವಾಗಬಹುದು, ವರ್ಷ ತುಂಬುವವರೆಗೆ ಬೇಡವೇ ಬೇಡ. ಉಪ್ಪು ಸಕ್ಕರೆಯೂ ಸದ್ಯಕ್ಕೆ ಬೇಡವೆಂದಿದ್ದರು. ಉಂಗುರದ ತುದಿಯಲ್ಲಿ ಪಾಯಸದ ತೊಟ್ಟೊಂದು ತುಟಿಗೆ ಸೋಕಿ ಶಾಸ್ತ್ರ ಮುಗಿಯಿತು. ಆಮೇಲೆ ಒಂದು ಹನಿ ತುಪ್ಪ ಬಿಟ್ಟ ಸರಿ.

ಮೊದಲ ಚಮಚ ನಾಲಿಗೆಯ ತಳ್ಳಿಗೆ ಗಲ್ಲದ ಮೇಲೆ ಇಳಿಯಿತು. ಎರಡನೆಯದೂ ಅಷ್ಟೆ. ಇದು ಬೇಡವೆಂಬ ಸಿಟ್ಟೇನಲ್ಲ. ಇಷ್ಟು ದಿನ ಹೀರುವುದನ್ನು ಮಾತ್ರ ಬಲ್ಲ ನಾಲಿಗೆ ಗಟ್ಟಿಯಾದದ್ದನ್ನು ಹೊರಗೆ ದೂಡುವುದು ಸಹಜ. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿ, ಏನೋ ದೊಡ್ಡ ಯೋಚನೆ ಮಾಡಿದಂತೆ ಮಾಡಿ, ಗುಳಕ್ಕೆಂದು ನುಂಗಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮಗಳೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ನಲ್ಲಿ ಬಹಳ ಹೊತ್ತು ಓಡಿತು.

ಕಿವಿ ಮಂದವಾದ ಅತ್ತೆಗೆ ಅದು ಹೇಗೆ ಕೇಳಿಸಿತೋ! "ಕರಿ ಅವಳನ್ನ. ಕೂಸಿಗೆ ಹಾಲು ಕುಡಿಸಲಿ. ಎರಡು ಚಮಚ ಸರಿ ಯಾವ ಮೂಲೆಗೆ?" ಅಂದರು.

ಸೋಮವಾರ ಹನ್ನೊಂದಕ್ಕೆ ಆಫೀಸಿನಿಂದ ಫೋನು. "ಎಷ್ಟು ತಿಂದಳಮ್ಮ?"

"ಮೂರು ಚಮಚ. ಒಂದು ನನ್ನ ಸೀರೆಗೆ."

"ಮೂರೇನಾ?" ಅಂದಳು. ಆ ದನಿಯಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಿತ್ತು.