ಸಿಪ್ಪೆಯ ದಾರಿ, ಬೀಜದ ದಾರಿ

ಒಂದೇ ಹಣ್ಣಿನ ಸಿಪ್ಪೆಗೂ ಬೀಜಕ್ಕೂ ಜಗಳವಿರಬಹುದೆ? ಉಪ್ಪಾಗೆಯಲ್ಲಿ ಇದೆ. ಸಿಪ್ಪೆ ಬೊಜ್ಜು ಕರಗಿಸುತ್ತದೆ ಎಂದು ಲೋಕವೆಲ್ಲ ಡಂಗುರ. ಬೀಜವೋ, ಸ್ವತಃ ಕೊಬ್ಬು! ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ತೇಲುವುದೇ ಉಪ್ಪಾಗೆ ತುಪ್ಪ. ಆರಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬಿಸಿ ದೋಸೆಗೆ ಹಾಕಿಕೊಂಡವರಿಗೆ ಸಿಪ್ಪೆಯ ಚಿಂತೆ ಎಲ್ಲಿಂದ ಬರಬೇಕು?

ಶಿಕಾರಿಪುರದ ನಮ್ಮ ಭಾವನಿಗೆ ಬಂದಿತ್ತು. ಮದುವೆಮನೆಯಲ್ಲಿ ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಂಡು, ಜಗುಲಿಗೆ ಬಂದು ಕವಳದ ತಟ್ಟೆ ಎಳೆದುಕೊಂಡವರು, ಜೇಬಿನಿಂದ ಒಂದು ಡಬ್ಬಿ ತೆಗೆದರು. ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಅಂತ ಭಾರಿ ಹೆಸರು. “ಫಾರಿನ್ ಮಾಲು” ಎಂದರು. ಸೊರಬದ ಅತ್ತೆ ಡಬ್ಬಿಯ ಮೇಲಿನ ಚಿತ್ರವನ್ನು ತಿರುಗಿಸಿ ನೋಡಿ, “ಇದು ನಮ್ಮ ಕಾನಿನ ಉಪ್ಪಾಗೆ ಅಲ್ವೇನಪ್ಪಾ?” ಎಂದುಬಿಟ್ಟರು.

ಭಾವನದೇನೂ ತಪ್ಪಿಲ್ಲ ಬಿಡಿ. ಶಿಕಾರಿಪುರದ ಕಡೆ ಮಳೆ ಕಮ್ಮಿ, ಮೆಕ್ಕೆಜೋಳ ಜಾಸ್ತಿ. ಸೊರಬ ದಾಟಿ ಸಿದ್ದಾಪುರದ ದಿಕ್ಕು ಹಿಡಿದರೆ ತಾನೆ ಕಾಡು ಕಪ್ಪಾಗುವುದು! ಅತ್ತೆ ಕಾನು ಅಂದರಲ್ಲ, ಸೊರಬದ ಕಾನುಗಳೇನು ಸಾಮಾನ್ಯವೆ? ಬ್ರ್ಯಾಂಡಿಸ್, ಗ್ರಾಂಟ್ ಎಂಬ ಸಾಹೇಬರಿಬ್ಬರು 1868ರಲ್ಲೇ ಅವುಗಳ ಮೇಲೊಂದು ವರದಿ ಬರೆದಿದ್ದರು. ಒಳಗೆ ದೇವರು, ಮರಕ್ಕೆ ಹಬ್ಬಿದ ಕಾಳುಮೆಣಸು, ಕಾಲಿಗೆ ಉಂಬಳ. ಉಂಬಳದ ಕಥೆ ಶುರುಮಾಡಿದರೆ ಇವತ್ತು ಮುಗಿಯುವುದಿಲ್ಲ, ಇರಲಿ.

ಉಪ್ಪಾಗೆ ಹಣ್ಣಿಗೆ ಹಟವೊಂದಿದೆ: ಮಳೆಗಾಲದಲ್ಲೇ ಹಣ್ಣಾಗಬೇಕು. ಬಿಸಿಲೆಲ್ಲಿ? ಬೆಂಕಿಯ ಮೇಲೆ ಅಟ್ಟ ಕಟ್ಟಿ ಸಿಪ್ಪೆ ಒಣಗಿಸಬೇಕು. ಹೊಗೆ ಕುಡಿದು ಕರ್ರಗಾದದ್ದನ್ನು ಕೇರಳದವರು ಕುಡಂಪುಳಿ ಎಂದು ಮೀನಿನ ಸಾರಿಗೆ ಹಾಕುತ್ತಾರೆ. ಕೊಡಗಿನವರು ರಸವನ್ನು ಬತ್ತಿಸಿ ಕಾಚಂಪುಳಿ ಮಾಡಿ ಹಂದಿಮಾಂಸಕ್ಕೆ ಸುರಿಯುತ್ತಾರೆ. ಹಂದಿಯ ಕೊಬ್ಬಿಗೆ ಕೊಬ್ಬಿನ ವೈರಿ! ಲೆಕ್ಕ ಚುಕ್ತಾ ಆಯಿತಲ್ಲ?

ಆದರೆ ವೈರತ್ವ ನಿಜವೇ? ಆ ಹುಳಿಯ ಮೂಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಲೂಯಿಸ್ ಮತ್ತು ನೀಲಕಂಠನ್, ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನವರು. ಫಾರಿನ್ ಮಾಲಿನ ತವರು ಕೊನೆಗೂ ಮೈಸೂರೇ ಆಯಿತು ನೋಡಿ. ನಾವು ಅನ್ನ ಹೆಚ್ಚಾಗಿ ಉಂಡಾಗ ಮಿಕ್ಕದ್ದು ಜೀವಕೋಶದೊಳಗೆ ಸಿಟ್ರೇಟ್ ಆಗಿ, ಒಂದು ಕಿಣ್ವ ಅದನ್ನು ಒಡೆಯುತ್ತದೆ, ಆ ಚೂರಿನಿಂದ ದೇಹ ಕೊಬ್ಬು ಕಟ್ಟುತ್ತದೆ. ಸಿಟ್ರೇಟಿನಂತೆಯೇ ಕಾಣುವ ಉಪ್ಪಾಗೆಯ ಆಮ್ಲ ಬಂದು ಕಿಣ್ವದ ಮಡಿಲಲ್ಲಿ ಕೂತುಬಿಡುತ್ತದೆ, ಮದುಮಗನ ಮಣೆಯ ಮೇಲೆ ಕೂತು ಏಳದ ಅವನ ಅವಳಿ ತಮ್ಮನ ಹಾಗೆ. ಕೆಲಸ ನಿಂತಿತು. 1969ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಇದು ಗೊತ್ತಾಯಿತು, ಆಮೇಲೆ ಇಲಿಗಳ ಮೇಲೂ ಒಳ್ಳೆಯ ಪರಿಣಾಮ ಕಂಡಿತು. ಗಮನಿಸಿ, ಇದು ಹೊಸ ಕೊಬ್ಬು ಕಟ್ಟುವುದನ್ನು ತಡೆಯುವ ಮಾತು. ಸೊಂಟಕ್ಕೆ ಈಗಾಗಲೇ ಕೂತಿರುವ ಹಳೆಯದನ್ನು ಎಬ್ಬಿಸುವ ಮಾತಲ್ಲ.

ಇಲಿಗೆ ಹೋಳಿಗೆ ಬಡಿಸುವವರಿಲ್ಲ, ಮನುಷ್ಯನ ಕಥೆ ಬೇರೆ. 1998ರಲ್ಲಿ ನ್ಯೂಯಾರ್ಕಿನಲ್ಲಿ 135 ಜನರಿಗೆ 12 ವಾರ ಪಥ್ಯ ಮಾಡಿಸಿ ಪರೀಕ್ಷಿಸಿದರು. ಉಪ್ಪಾಗೆ ಗುಳಿಗೆ ತಿಂದವರು ಸರಾಸರಿ 3.2 ಕಿಲೋ ಇಳಿದರೆ, ಏನೂ ಇಲ್ಲದ ಗುಳಿಗೆ ತಿಂದವರು 4.1 ಕಿಲೋ! ವ್ಯತ್ಯಾಸಕ್ಕೆ ಅರ್ಥವಿಲ್ಲ ಎಂದರು ಸಂಖ್ಯಾಶಾಸ್ತ್ರದವರು. ಇಂಥ ಗುಳಿಗೆ ತಿಂದು ಯಕೃತ್ತಿಗೆ ಪೆಟ್ಟು ಮಾಡಿಕೊಂಡವರ ವರದಿಗಳೂ ಆಮೇಲೆ ಬಂದವು. ಭಾವ ಆ ಮಾತು ಬಿಟ್ಟು, “ಹಾಗಾದರೆ ಆ ಏನೂ ಇಲ್ಲದ ಗುಳಿಗೆ ಎಲ್ಲಿ ಸಿಗತ್ತೆ?” ಎಂದು ಕೇಳಿದರು. ಪ್ರಶ್ನೆಯಲ್ಲಿ ಹುರುಳಿದೆ.

ಡಬ್ಬಿಯ ಆಸೆ ಏರಿದ ಕಾಲಕ್ಕೆ ಸಿಪ್ಪೆಯ ಬೆಲೆಯೂ ಏರಿತು. ಹಣ್ಣು ಬಲಿಯುವವರೆಗೆ ಕಾಯುವ ತಾಳ್ಮೆ ಯಾರಿಗೆ? ಕೊಂಬೆಯನ್ನೇ ಕಡಿದು ಕೆಳಗೆ ಹಾಕಿದರು. ಒಣಗಿಸಲು ಕಾನಿನದೇ ಸೌದೆ ಉರಿಸಿದರು. ಕರಗಿದ್ದು ಯಾರದು ಅಂತ ನಾನು ಕೇಳಬೇಕೆನ್ನುವಷ್ಟರಲ್ಲಿ ಶುಂಠಿ ರೇಟಿನ ವಿಷಯ ಬಂತು. ಶುಂಠಿ ಬಂದ ಮೇಲೆ ಜಗುಲಿಯಲ್ಲಿ ಬೇರೆ ಯಾವ ಬೆಳೆಗೂ ಜಾಗವಿಲ್ಲ.