ಎರೆಸೀಮೆಯಲ್ಲಿ ನಿಧಾನದ ಓಟ

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮನುಷ್ಯನು ಓಡಬೇಕಾದರೆ ಅದಕ್ಕೊಂದು ಕಾರಣವಿರಬೇಕು. ಕಣ್ಣಿ ಹರಿದುಕೊಂಡ ಹೋರಿಯ ಹಿಂದೆ ಓಡಬಹುದು; ಹೊರಟು ನಿಂತ ಬಸ್ಸಿಗಾಗಿ ಓಡಬಹುದು; ಒಣಹಾಕಿದ ಮೆಣಸಿನಕಾಯಿಯ ಮೇಲೆ ಅಕಾಲದ ಹನಿ ಬಿದ್ದರಂತೂ ಮನೆಮಂದಿಯೆಲ್ಲ ಓಡಬಹುದು. ಆದರೆ ನಲವತ್ತು ದಾಟಿದ ಗೃಹಸ್ಥನೋ ಗೃಹಿಣಿಯೋ ಕಾಲಿಗೆ ಬೂಟು ಬಿಗಿದು, ನಸುಕಿನಲ್ಲಿ ಏದುಸಿರು ಬಿಡುತ್ತ ಓಡಿದರೆ, ಎದುರು ಬಂದ ಚಕ್ಕಡಿಯವನು ಎತ್ತು ನಿಲ್ಲಿಸಿ, “ಯಾಕ್ರೀ, ಏನಾತು? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?” ಎಂದು ವಿಚಾರಿಸದೆ ಮುಂದೆ ಹೋಗಲಾರ.

ಇಂದು ಇಂಥ ನಿಷ್ಕಾರಣ ಓಟಕ್ಕೂ ಒಂದು ಕಾಲ ಬಂದಿದೆ. ಬೆಂಗಳೂರಿನಲ್ಲಿ 2008ರಲ್ಲಿ 10 ಕಿಲೋಮೀಟರಿನ ದೊಡ್ಡ ಸಾರ್ವಜನಿಕ ಓಟವೊಂದು ಆರಂಭವಾಯಿತು. ಇಂಥ ಕೂಟಗಳಲ್ಲಿ ಜಗದ್ವಿಖ್ಯಾತ ಓಟಗಾರರು ಓಡುವ ರಸ್ತೆಯಲ್ಲೇ ಗುಮಾಸ್ತರೂ ಉಪಾಧ್ಯಾಯಿನಿಯರೂ ನಿವೃತ್ತರೂ ಓಡಬಹುದು. ಹೆಸರು ಕೊಡುವುದು ಸುಲಭ. ಹೆಸರು ಕೊಟ್ಟ ರಾತ್ರಿಯಿಂದ ಕಾಡುವ ಪ್ರಶ್ನೆಯೊಂದೇ: “ಎಲ್ಲರಿಗಿಂತ ಹಿಂದೆ ಉಳಿದರೆ ಗತಿಯೇನು?” ಈ ಅಂಜಿಕೆಯಿಂದ ಮನೆಯಲ್ಲೇ ಉಳಿದವರ ಸಂಖ್ಯೆ ಓಡಿದವರಿಗಿಂತ ಹೆಚ್ಚಾಗಿದ್ದರೂ ಆಶ್ಚರ್ಯವಿಲ್ಲ. ಅಂಥವರ ಮೊದಲ ಶಾಲೆಯಾಗಲು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಬಯಲಿಗಿಂತ ತಕ್ಕ ಸ್ಥಳ ಬೇರೆ ಇರಲಾರದು.

ಬರಿಗಾಲಿನ ಪೂರ್ವಿಕರು

ಈ ಸೀಮೆಗೆ ಓಟ ಹೊಸದೇನಲ್ಲ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಸಿಂಗರಿಸಿದ ಎತ್ತುಗಳೊಂದಿಗೆ ಊರಿನ ಹುಡುಗರೂ ಓಡುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಒಲಿಯುವುದೆಂದು ಹಿರಿಯರು ಹೇಳುತ್ತಾರೆ. ಧಾರವಾಡವೂ ಬೆಳಗಾವಿಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ರೈತಾಪಿ ಜನರನ್ನು ಕಂಡು ಸರ್ ದೋರಾಬ್ಜಿ ಟಾಟಾ ಬೆರಗಾದರು. ಅದರ ಫಲವಾಗಿ 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡವೊಂದು ಹೊರಟಿತು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನಿನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಪದಕ ಬರಲಿಲ್ಲ, ಆದರೆ ಆ ದೂರವನ್ನು ಕೊನೆಯವರೆಗೆ ಓಡಿದರೆಂಬುದೇ ಇಂದಿಗೂ ಸ್ಮರಣೀಯವಾಗಿದೆ.

ಪಂಚಾಂಗವೇ ವೇಳಾಪಟ್ಟಿ

ಮೊದಲ ಬಾರಿ ಓಡುವವರಿಗೆ ಹತ್ತು ಹನ್ನೊಂದು ವಾರಗಳ ಸಿದ್ಧತೆ ಬೇಕು. ನಮ್ಮ ಪಂಚಾಂಗದಲ್ಲಿ ಅದು ತಾನಾಗಿಯೇ ಅಡಗಿದೆ. ಸೀಗಿಹುಣ್ಣಿಮೆಯಂದು ಮೊದಲ ಹೆಜ್ಜೆ ಇಟ್ಟರೆ, ಹೊಲದಲ್ಲಿ ಚರಗ ಚೆಲ್ಲುವ ಎಳ್ಳಮಾವಾಸ್ಯೆಗೆ ಸರಿಸುಮಾರು ಎಪ್ಪತ್ತನಾಲ್ಕು ದಿನಗಳಾಗುತ್ತವೆ. ಮಳೆ ಹಿಂದಾಗಿರುತ್ತದೆ, ಬಿಸಿಲು ಇನ್ನೂ ಮೊನೆಗೊಂಡಿರುವುದಿಲ್ಲ. ಹಿಂಗಾರಿ ಜೋಳ ಮೊಣಕಾಲೆತ್ತರದಿಂದ ಎದೆಯೆತ್ತರಕ್ಕೆ ಏರುವ ಕಾಲವದು. ಬೆಳೆ ಬೆಳೆದಂತೆ ಓಟವೂ ಬೆಳೆಯಲಿ.

ವಾರಕ್ಕೆ ಮೂರೇ ದಿನ, ನಡುನಡುವೆ ಬಿಡುವು. ಮೊದಲ ಮೂರು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ; ಒಟ್ಟು ಅರ್ಧ ತಾಸು ಸಾಕು. ಮುಂದಿನ ನಾಲ್ಕು ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ; ಮುಕ್ಕಾಲು ತಾಸು. ಆಮೇಲೆ ವಾರಕ್ಕೊಮ್ಮೆ ಏಳೆಂಟು ಕಿಲೋಮೀಟರಿನ ಸುತ್ತು. ಕೊನೆಯ ವಾರ ಮತ್ತೆ ಕಡಿಮೆ. ನಡುವೆ ನಡೆಯುವುದು ಸೋಲಲ್ಲ. 1972ರ ಒಲಿಂಪಿಕ್ಸಿನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಈ ಓಟ–ನಡಿಗೆಯ ಕ್ರಮವನ್ನೇ ಸಾವಿರಾರು ಜನರಿಗೆ ಕಲಿಸಿದರು. ಲೆಕ್ಕವನ್ನೇ ನೋಡಿ: ತಾಸಿಗೆ 8 ಕಿಲೋಮೀಟರಿನಂತೆ ಎರಡು ನಿಮಿಷ ಓಡಿ, 5 ಕಿಲೋಮೀಟರಿನಂತೆ ಎರಡು ನಿಮಿಷ ನಡೆದರೆ ಸರಾಸರಿ ಆರೂವರೆ, ಆ ಗತಿಯಲ್ಲಿ 10 ಕಿಲೋಮೀಟರು 92 ನಿಮಿಷಗಳ ಹಾದಿ. ವೇಗ ಮೀರಿತೆ ಎಂದು ತಿಳಿಯಲು ಗಡಿಯಾರವೂ ಬೇಡ. ಜೊತೆಗಾರರೊಡನೆ ಒಂದು ಪೂರ್ಣ ವಾಕ್ಯ ಆಡಲು ಬಂದರೆ ಗತಿ ಸರಿಯಿದೆ. ಮಾತು ಮುರಿದರೆ ಕಾಲನ್ನು ತಡೆಯಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಉಳ್ಳವರು ಮೊದಲೇ ವೈದ್ಯರನ್ನು ಕೇಳಬೇಕು. ಎದೆನೋವು ಕಂಡರೆ ಯಾರೇ ಆಗಲಿ ಅಲ್ಲಿಗೇ ನಿಲ್ಲಬೇಕು.

ನಾಲ್ಕು ಊರು, ನಾಲ್ಕು ಪಾಠ

ನವಲಗುಂದದ ಪಾಠ ಮಣ್ಣಿನದು. ಇಲ್ಲಿಯ ಎರೆ ಭೂಮಿ ಮಳೆಗಾಲದಲ್ಲಿ ಹೆಜ್ಜೆಗೊಂದು ಮುದ್ದೆಯಾಗಿ ಬೂಟಿಗೆ ಅಂಟುತ್ತದೆ. ಬೇಸಗೆಯಲ್ಲಿ ಹಿಮ್ಮಡಿ ಇಳಿಯುವಷ್ಟು ಬಿರಿಯುತ್ತದೆ. ಹೊಲದ ಬದುವಿಗಿಂತ ಮಲಪ್ರಭಾ ಕಾಲುವೆಯ ಏರಿಯ ಗಟ್ಟಿ ಹಾದಿಯೇ ಕಾಲಿಗೆ ಕ್ಷೇಮ. ಆ ನೀರಿನ ಕರದ ವಿರುದ್ಧ ಎದ್ದ ಹೋರಾಟದಲ್ಲಿ 1980ರ ಜುಲೈ 21ರಂದು ನವಲಗುಂದ, ನರಗುಂದಗಳ ರೈತರು ಪ್ರಾಣ ತೆತ್ತರೆಂಬುದನ್ನು ನೆನೆದು ಓಡಿದರೆ ಹೆಜ್ಜೆಗೆ ಒಂದು ಗಾಂಭೀರ್ಯವೂ ಬರುತ್ತದೆ. ಹತ್ತಿರದಲ್ಲೇ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳಿವೆ. ಹೆಸರು ಸ್ನಿಗ್ಧವಾಗಿದ್ದರೂ ಮಳೆಗಾಲದಲ್ಲಿ ಅವುಗಳ ಸಿಟ್ಟು ಭಯಂಕರ. ಆಗ ಆ ಕಡೆ ಸುಳಿಯದಿರುವುದೇ ಜಾಣತನ.

ಕಲಘಟಗಿಯ ಪಾಠ ಏರಿನದು. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗಿದಂತೆ ಬಯಲು ಅಲೆಯಲೆಯಾಗಿ ಏಳುತ್ತದೆ. ಹತ್ತಿ, ಜೋಳ ಹಿಂದುಳಿದು ಭತ್ತದ ಗದ್ದೆ, ಕಾಡಿನಂಚು ಎದುರಾಗುತ್ತವೆ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಈ ಊರಿನ ಸುತ್ತಲಿನ ರಸ್ತೆಯೂ ತೂಗುತೊಟ್ಟಿಲೇ. ಏರಿನಲ್ಲಿ ಹೆಜ್ಜೆ ಗಿಡ್ಡ ಮಾಡಿ ನಡೆಯಬೇಕು. ಇಳಿಜಾರಿನಲ್ಲಿ ಹುರುಪಿಗೆ ಕಡಿವಾಣ ಹಾಕಬೇಕು. ಮೊಣಕಾಲು ನೊಂದುಕೊಳ್ಳುವುದು ಹೆಚ್ಚಾಗಿ ಇಳಿಯುವಾಗಲೇ.

ಕುಂದಗೋಳದ ಪಾಠ ಮನಸ್ಸಿನದು. ಸವಾಯಿ ಗಂಧರ್ವರ (1886–1952) ಊರು ಇದು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಇಲ್ಲಿ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿಯವರು ಗುರುವಿನ ಬಳಿಯೇ ಇದ್ದು ಕಲಿತರು. ಇವರ ಕಿರಾಣಾ ಪರಂಪರೆಯ ಹೆಗ್ಗಳಿಕೆಯೇ ವಿಲಂಬಿತ, ಅಂದರೆ ಅವಸರವಿಲ್ಲದೆ ಒಂದೊಂದೇ ಸ್ವರದ ಮೇಲೆ ನಿಂತು ರಾಗವನ್ನು ಬೆಳೆಸುವ ಕ್ರಮ. ವಿಲಂಬಿತವನ್ನು ಯಾರೂ ದ್ರುತದ ಸೋತ ರೂಪವೆನ್ನುವುದಿಲ್ಲ. ಅದಕ್ಕೆ ಅದರದೇ ಶ್ವಾಸ, ಅದರದೇ ಶಿಸ್ತು. ನಿಧಾನದ ಓಟವೂ ಹಾಗೆಯೇ. ಬೇಗ ಓಡಲಾರದವನ ಓಟವೆಂದು ಅದನ್ನು ಕರೆಯುವುದಕ್ಕಿಂತ, ಹೆಚ್ಚು ಹೊತ್ತು ಓಡುವವನ ಓಟವೆಂದು ಕರೆಯುವುದು ನ್ಯಾಯ.

ಅಣ್ಣಿಗೇರಿಯ ಪಾಠ ವಿಶ್ರಾಂತಿಯದು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಮನೆತನದವಳೆಂದು ಶಾಸನ ಹೇಳುತ್ತದೆ. ವಾರದ ಉದ್ದನೆಯ ಸುತ್ತು ಮುಗಿಸಿದ ಮೇಲೆ ಹನ್ನೊಂದನೆಯ ಶತಮಾನದ ಅಮೃತೇಶ್ವರ ಗುಡಿಯ ತಂಪು ಕಂಬಗಳ ನಡುವೆ ಕುಳಿತರೆ, ಬಿಡುವೂ ಸಿದ್ಧತೆಯ ಒಂದು ಭಾಗವೆಂದು ತಾನೇ ತಿಳಿಯುತ್ತದೆ. ಸ್ನಾಯು ಬಲಗೊಳ್ಳುವುದು ಓಡುವಾಗಲ್ಲ, ಓಡಿ ದಣಿದ ಮೇಲೆ ನಿದ್ರಿಸುವಾಗ.

ಬುತ್ತಿ, ಬೂಟು ಮತ್ತು ಆ ದಿನ

ಓಟದ ಹಿಂದಿನ ರಾತ್ರಿ ಜೋಳದ ರೊಟ್ಟಿ, ಪಲ್ಯ, ಮೊಸರು ನಡೆದೀತು. ಮುಂಜಾನೆ ಮಾತ್ರ ಒಂದು ಬಾಳೆಹಣ್ಣು, ಒಂದಿಷ್ಟು ನೀರು ಸಾಕು. ಗಿರಮಿಟ್ಟು, ಮಿರ್ಚಿಭಜಿಗಳ ಮೋಹವನ್ನು ಗುರಿ ಮುಟ್ಟಿದ ಮೇಲೆ ತೀರಿಸಿಕೊಳ್ಳಬೇಕು. ಹೊಸ ಬೂಟನ್ನು ಆ ದಿನವೇ ತೊಡುವುದು ಬೊಬ್ಬೆಗೆ ಆಮಂತ್ರಣ. ಪೂರ್ವಿಕರು ಬರಿಗಾಲಿನಲ್ಲಿ ಓಡಿದರೆಂದು ಬೂಟನ್ನೇ ಬಿಟ್ಟರೆ ಜಾಲಿಮುಳ್ಳು ಕ್ಷಮಿಸದು. ಆರಂಭದ ಗೆರೆಯಲ್ಲಿ ಹಿಂದೆ ನಿಲ್ಲಬೇಕು. ಮುಂದೆ ನಿಂತು ಹತ್ತು ಜನ ದಾಟಿಹೋಗುವುದನ್ನು ನೋಡುವುದಕ್ಕಿಂತ, ಹಿಂದೆ ನಿಂತು ಇಬ್ಬರನ್ನು ದಾಟುವ ಸುಖ ದೊಡ್ಡದು.

ಇಷ್ಟಾಗಿಯೂ ತಡವಾದೀತೆಂಬ ಅಂಜಿಕೆ ಹೋಗದವರು ಜಪಾನಿನ ಶಿಝೋ ಕನಕುರಿಯನ್ನು ಸ್ಮರಿಸಬಹುದು. 1912ರ ಸ್ಟಾಕ್‌ಹೋಮ್ ಮ್ಯಾರಥಾನಿನಲ್ಲಿ ಬಿಸಿಲಿಗೆ ಬಸವಳಿದು, ದಾರಿಯ ಪಕ್ಕದ ಮನೆಯವರ ಉಪಚಾರ ಪಡೆದು, ಯಾರಿಗೂ ಹೇಳದೆ ಆತ ಊರಿಗೆ ಮರಳಿದ. 1920ರಲ್ಲಿ ನಮ್ಮ ಚೌಗುಲೆಯವರೊಂದಿಗೆ ಅದೇ ಆಂಟ್ವರ್ಪಿನಲ್ಲಿ ಓಡಿ 16ನೆಯವನಾದ. ಸ್ವೀಡನ್ನಿನವರು 1967ರಲ್ಲಿ ಆತನನ್ನು ಕರೆಸಿ ಹಳೆಯ ಓಟವನ್ನು ಮುಗಿಸಲು ಹೇಳಿದರು. ಆತ ಮುಗಿಸಿದ. ತೆಗೆದುಕೊಂಡ ಕಾಲ 54 ವರ್ಷ, 8 ತಿಂಗಳು, 6 ದಿನ, 5 ತಾಸು, 32 ನಿಮಿಷ, 20 ಸೆಕೆಂಡು! ಇದಕ್ಕಿಂತ ತಡವಾಗಿ ಬರುವುದು ನಮ್ಮಲ್ಲಿ ಯಾರಿಗೂ ಸಾಧ್ಯವಿಲ್ಲ.

ಗುರಿ ಮುಟ್ಟಿದ ಮೇಲೆ ಒಂದು ಕರ್ತವ್ಯ ಉಳಿದಿರುತ್ತದೆ. ಕೂಡಲೇ ಬಸ್ಸು ಹಿಡಿದು ಮನೆಗೆ ಹೋಗದೆ, ನೀರು ಕುಡಿದು ಹತ್ತು ನಿಮಿಷ ಗೆರೆಯ ಬಳಿ ನಿಲ್ಲಬೇಕು. ನಮ್ಮ ಹಿಂದೆಯೂ ಯಾರೋ ಬರುತ್ತಿರುತ್ತಾರೆ. ಅವರಿಗೆ ಬೇಕಾದದ್ದು ಪದಕವಲ್ಲ, ಒಂದು ಚಪ್ಪಾಳೆ. ಅದನ್ನು ಕೊಡಲು ನಿಧಾನ ಓಟಗಾರರಿಗಿಂತ ಹೆಚ್ಚಿನ ಅಧಿಕಾರ ಇನ್ನಾರಿಗಿದೆ?