ಸೈಡ್ ಬಿ ಮತ್ತು ನಮ್ಮ ಚಿಕ್ಕವ್ವ

‘ಸಪ್ತ ಸಾಗರದಾಚೆ ಎಲ್ಲೋ’ ನೀವೂ ನೋಡಿರ್ತೀರಿ. 2023ರ ಸೆಪ್ಟೆಂಬರ್‌ನಲ್ಲಿ ಸೈಡ್ ಎ, ನವೆಂಬರ್‌ನಲ್ಲಿ ಸೈಡ್ ಬಿ. ಮನು-ಪ್ರಿಯಾಗಾಗಿ ಅತ್ತವರಲ್ಲಿ ನಾನೂ ಒಬ್ಬ.

ರಜೆಗೆ ಆಡೂರಿಗೆ ಹೋದಾಗ ಸೈಡ್ ಬಿ ಮತ್ತೆ ನೋಡಿದೆ, ಮೊಬೈಲ್‌ನಲ್ಲಿ, ಚಿಕ್ಕವ್ವನ ಜೊತೆ. ಕಾಕಾ ತೀರಿ ಆರು ವರ್ಷ. ಹೆಂಡತಿ ಕಳ್ಕೊಂಡ ಒಬ್ಬರ ಸಂಬಂಧ ಬಂದಿತ್ತು. ಮನೆಯಲ್ಲಿ ಎಲ್ಲರೂ ಒಪ್ಪಿದ್ದರು, ಅವಳೊಬ್ಬಳನ್ನು ಬಿಟ್ಟು.

ಜೈಲಿನಿಂದ ಬಂದ ಮನು, ಸುರಭಿ ಪಕ್ಕದಲ್ಲಿದ್ದರೂ ಪ್ರಿಯಾಳನ್ನೇ ಹುಡುಕ್ತಾನಲ್ಲ, ಅಲ್ಲಿ ಚಿಕ್ಕವ್ವ ಸಿನಿಮಾ ನಿಲ್ಲಿಸಿದಳು.

“ಈ ಹುಡುಗಿ ಗತಿ ಏನಪಾ?”

ನನಗೆ ಉತ್ತರ ಬರಲಿಲ್ಲ. ಹಾಸ್ಟೆಲ್‌ನಲ್ಲಿ ನಾವೆಲ್ಲ ರುಕ್ಮಿಣಿ ವಸಂತ್ ಬಗ್ಗೆಯೇ ಮಾತಾಡಿದ್ದು. ಚೈತ್ರಾ ಆಚಾರ್ ಮಾಡಿದ ಸುರಭಿಯನ್ನು ನಾನೂ ಮನುವಿನಂತೆಯೇ ನೋಡಿದ್ದೆ, ಅರ್ಧ ಕಣ್ಣಲ್ಲಿ.

ರಾತ್ರಿ ರೊಟ್ಟಿ ಬಡಿಯುತ್ತಾ ಅವ್ವನಿಗೆ ಹೇಳಿದಳು: “ಅವರ ಜೋಡಿ ಒಮ್ಮೆ ಮಾತಾಡ್ತೀನಿ ಅಕ್ಕಾ. ಆಕಿ ಫೋಟೋ ಗ್ವಾಡಿ ಮ್ಯಾಲೆ ಇರಲಿ. ನನ್ನ ಮಾತ್ರ ನನ್ನ ಹೆಸರಿಂದ ಕರೀಬೇಕು.”